ಭಾಗಮಂಡಲದ ಜೇನೆರಿ

ಮಡಿಕೇರಿಯಿಂದ ಸುಮಾರು 40 ಕಿಲೋಮೀಟರು ದೂರದ ಭಾಗಮಂಡಲಕ್ಕೆ ಹೋಗುವ ದಾರಿ ಕಾಫಿ ತೋಟಗಳನ್ನೂ ಏಲಕ್ಕಿಯ ನೆರಳನ್ನೂ ಬಳಸಿಕೊಂಡು ಸಾಗುತ್ತದೆ. ಬೇಸಗೆಯ ಮೊದಲಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಸಾಕು, ಗಿಡಗಿಡವೂ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ನೆನಪಿಗೆ ತರುವ ಕಂಪಿನಿಂದ ಕಣಿವೆ ತುಂಬುತ್ತದೆ. ಆ ಹೂವಿನ ವೈಭವ ಎರಡು ಮೂರು ದಿನಗಳದು. ಅಷ್ಟರಲ್ಲಿಯೇ ಮಕರಂದವನ್ನು ಸೂರೆಗೊಳ್ಳಬೇಕೆಂಬ ಆತುರದಿಂದ ತುಡುವೆ ಜೇನುಗಳು ಬೆಳಗಿನಿಂದ ಬೈಗಿನವರೆಗೆ ದುಡಿಯುತ್ತವೆ.

ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮದಲ್ಲಿ ಮಿಂದು, ಭಗಂಡೇಶ್ವರನ ದರ್ಶನ ಪಡೆದು, ತಲಕಾವೇರಿಯನ್ನೂ ಕಂಡು ಮರಳುವ ಯಾತ್ರಿಕರು ಕೊಡಗಿನ ಜೇನನ್ನು ಒಯ್ಯದೆ ಹಿಂದಿರುಗುವುದು ಅಪರೂಪ. ಈ ನಾಡಿಗೂ ಜೇನಿಗೂ ನಂಟು ಹಳೆಯದು. 1936ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿಕೊಂಡಿತ್ತು. ಸೀಸೆಯಲ್ಲಿರುವ ಜೇನಿನ ಬಗ್ಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ಪಂಚಾಮೃತಕ್ಕೆ ಅದು ಬೇಕೇ ಬೇಕು. ಆದರೆ ಜೇನು ತುಂಬಿದ ಎರಿಯನ್ನೇ, ಮೇಣದ ಗೂಡುಗಳ ಸಹಿತ, ಕೊಯ್ದು ಎಲೆಯ ಮೇಲಿಟ್ಟಾಗ ಮಾತು ಬೇರೆಯಾಗುತ್ತದೆ.

ಅಂಥ ಒಂದು ಪ್ರಸಂಗ. ಬೆಂಗಳೂರಿನಿಂದ ಯಾತ್ರೆಗೆ ಬಂದ ಸಂಸಾರವೊಂದು ದರ್ಶನವಾದ ಮೇಲೆ ಪರಿಚಯಸ್ಥರ ತೋಟಕ್ಕೆ ಹೋಯಿತು. ಜೊತೆಯಲ್ಲಿ ಮಡಿಯ ಅಜ್ಜಿಯೂ, ನೆರೆಮನೆಯ ಜೈನ ಗೃಹಿಣಿಯೂ ಇದ್ದರು. ತೋಟದ ಯಜಮಾನರು ಆದರದಿಂದ ಅಂಗೈಯಗಲದ ಎರಿಯ ತುಂಡನ್ನು ಬಾಳೆಯೆಲೆಯ ಮೇಲೆ ತಂದಿಟ್ಟರು. ಮಕ್ಕಳ ಕೈ ಮುಂದಾಯಿತು.

"ತಾಳಿ ಮಕ್ಕಳೇ, ಇದರೊಳಗೆ ಹುಳುವಿಲ್ಲವೆಂದು ಕಂಡವರು ಯಾರು?" ಎಂದರು ಅಜ್ಜಿ.

ಯಜಮಾನರು ಬೇಸರಪಡಲಿಲ್ಲ. "ಕೇಳಬೇಕಾದ ಮಾತೇ ಅಮ್ಮ. ಬನ್ನಿ, ಪೆಟ್ಟಿಗೆಯನ್ನೇ ತೆರೆದು ತೋರಿಸುತ್ತೇನೆ" ಎಂದು ಎಲ್ಲರನ್ನೂ ಕರೆದೊಯ್ದರು.

ಪೆಟ್ಟಿಗೆಗೆ ಎರಡು ಅಂತಸ್ತು. ಕೆಳಗಿನದು ಸಂಸಾರದ ಕೋಣೆ. ರಾಣಿ ಮೊಟ್ಟೆಯಿಡುವುದೂ ಮರಿಗಳು ಬೆಳೆಯುವುದೂ ಅಲ್ಲಿ. ಮೇಲಿನದು ಜೇನಿನ ಉಗ್ರಾಣ. ಯಜಮಾನರು ತುಸು ಹೊಗೆಯಾಡಿಸಿ ಮೇಲಿನ ಚೌಕಟ್ಟೊಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ಗೂಡುಗಳಿಗೆ ತೆಳುವಾದ ಬಿಳಿಯ ಮೇಣದ ಮುಚ್ಚಳ; ಹಿಂದಿನ ಬೆಳಕು ಹೊಂಬಣ್ಣವಾಗಿ ಹಾಯುತ್ತಿತ್ತು. ಕೆಳಗಿನ ಚೌಕಟ್ಟನ್ನೆತ್ತಿದಾಗ ನೋಟವೇ ಬೇರೆ. ಎರಿ ಕಂದಾಗಿತ್ತು, ಮುಚ್ಚಳಗಳು ಕಂದಾಗಿ ಉಬ್ಬಿದ್ದವು, ತೆರೆದ ಗೂಡುಗಳಲ್ಲಿ ಬಿಳಿಯ ಮರಿಹುಳುಗಳು ಬಾಗಿ ಮಲಗಿದ್ದವು. ಬೆಳಕು ಹಾಯುವಂತಿರಲಿಲ್ಲ.

"ಎಲೆಯ ಮೇಲಿಟ್ಟದ್ದು ಮೇಲಂತಸ್ತಿನದು. ಆದರೂ ರಾಣಿ ಒಮ್ಮೊಮ್ಮೆ ಮೇಲೆ ಬಂದು ಮೊಟ್ಟೆಯಿಡುವುದುಂಟು. ಆದುದರಿಂದ ಹೀಗೆ ಬಿಸಿಲಿಗೆ ಹಿಡಿದು ನೋಡದೆ ನಾನು ಕೊಯ್ಯುವುದಿಲ್ಲ" ಎಂದರು ಅವರು.

ಹಾಗಾದರೆ ಮೇಣವೇನು? ಅದು ಕೀಟದ ಅಂಗವಲ್ಲ. ಕೆಲಸಗಾರ ಜೇನುಗಳ ಹೊಟ್ಟೆಯ ಅಡಿಯಲ್ಲಿ ಎಂಟು ಗ್ರಂಥಿಗಳುಂಟು. ಜೇನನ್ನು ತಿಂದ ಎಳೆಯ ಜೇನುಗಳು ಅಲ್ಲಿಂದ ಹೊರಸೂಸುವ ಹೊಪ್ಪಳೆಗಳೇ ಮೇಣ. ಮನುಷ್ಯನ ಹೊಟ್ಟೆಗೆ ಅದು ಅರಗುವುದಿಲ್ಲ. ನುಂಗಿದರೆ ಹಾಗೆಯೇ ಹೊರಬೀಳುತ್ತದೆ. ಬಲ್ಲವರು ಜೇನನ್ನು ಚಪ್ಪರಿಸಿ ಮೇಣವನ್ನು ಉಗುಳುತ್ತಾರೆ. ಪೊಟ್ಟಣಗಳ ಮೇಲಿನ ಹಸಿರು ಗುರುತಿಗೆ ಸಂಬಂಧಿಸಿದ 2020ರ ಕೇಂದ್ರ ನಿಯಮಗಳು ಹಾಲಿನಂತೆಯೇ ಜೇನನ್ನೂ ಜೇನುಮೇಣವನ್ನೂ ಮಾಂಸಾಹಾರದ ಲೆಕ್ಕದಿಂದ ಹೊರಗಿಟ್ಟಿವೆ. ಮರಿಹುಳುವಿಗೆ ಮಾತ್ರ ಆ ವಿನಾಯಿತಿ ಇಲ್ಲ.

ಅಜ್ಜಿಯ ಮನಸ್ಸು ಇನ್ನೆಲ್ಲಿಯೋ ಇತ್ತು. "ಮನೆಯ ಬಾಗಿಲಿಗೆ ಕಾಡುಜೇನು ಎಂದು ತರುತ್ತಿದ್ದರಲ್ಲ, ಅದು?" ಎಂದು ಮೆಲ್ಲಗೆ ಕೇಳಿದರು.

ಯಜಮಾನರು ಸುಳ್ಳು ಸಮಾಧಾನ ಹೇಳಲಿಲ್ಲ. ಎತ್ತರದ ಮರಗಳಲ್ಲಿಯೂ ಬಂಡೆಗಳಲ್ಲಿಯೂ ತೂಗುವ ಹೆಜ್ಜೇನಿಗೆ ಒಂದೇ ದೊಡ್ಡ ಎರಿ. ಕೊಂಬೆಗಂಟಿದ ದಪ್ಪ ಭಾಗದಲ್ಲಿ ಜೇನು, ಅದರ ಕೆಳಗೆಲ್ಲ ಮರಿಗಳು. ಜೇನಿನ ಭಾಗವನ್ನಷ್ಟೇ ಬಿಡಿಸಿ ಸೋಸಿದರೆ ಅದು ಶುದ್ಧ. ಇಡೀ ಎರಿಯನ್ನು ಒಟ್ಟಿಗೆ ಹಿಂಡಿದರೆ ಮರಿಗಳ ರಸವೂ ಅದರಲ್ಲಿ ಬೆರೆಯುತ್ತದೆ. "ಹೇಗೆ ತೆಗೆದರೆಂದು ಕಂಡವರಷ್ಟೇ ಹೇಳಬಲ್ಲರು, ಅಮ್ಮ."

ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ವರ್ಷಾನುಗಟ್ಟಲೆ ದೇವರ ತಲೆಯ ಮೇಲೆ ಎರೆದ ಜೇನನ್ನು ಅವರು ನೆನೆಯುತ್ತಿದ್ದರೆಂದು ಸೊಸೆಗೆ ತಿಳಿಯಿತು. "ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲ ಅತ್ತೆ" ಎಂದಳು ಅವಳು.

"ತಿಳಿದ ಮೇಲೆ ಉಂಟಲ್ಲ" ಎಂದರು ಅಜ್ಜಿ.

ಜೈನ ಗೃಹಿಣಿಗೆ ಈ ತೊಡಕೇ ಇರಲಿಲ್ಲ. ಮದ್ಯ, ಮಾಂಸ, ಮಧು ಈ ಮೂರನ್ನೂ ಒಟ್ಟಿಗೆ ತೊರೆಯುವುದು ಶ್ರಾವಕರ ಮೂಲಗುಣಗಳಲ್ಲಿ ಸೇರಿದೆ. "ಹುಳುವಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಅವು ಕೂಡಿಟ್ಟದ್ದನ್ನು ನಾವು ಮುಟ್ಟುವುದಿಲ್ಲ" ಎಂದು ನಕ್ಕು ಎಳನೀರನ್ನು ಕೈಗೆತ್ತಿಕೊಂಡರು. 1944ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಕಟ್ಟಿಕೊಂಡ ವೀಗನರೂ ಜೇನನ್ನು ಬಿಡುವವರೇ. ಆದರೆ ಅವರು ಹಾಲನ್ನೂ ಬಿಡುತ್ತಾರೆ.

ಯಜಮಾನರು ಇನ್ನೊಂದು ಮಾತನ್ನು ಹೇಳಿದರು. ಪೆಟ್ಟಿಗೆಯ ಚೌಕಟ್ಟನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ಜೇನು ಹೊರಚಿಮ್ಮುತ್ತದೆ, ಎರಿ ಮುರಿಯದೆ ಉಳಿಯುತ್ತದೆ. ಅದನ್ನು ಮರಳಿ ಪೆಟ್ಟಿಗೆಗಿಟ್ಟರೆ ಜೇನುಗಳು ಮತ್ತೆ ತುಂಬುತ್ತವೆ. ಎರಿಯನ್ನೇ ಕೊಯ್ದು ತಿಂದರೆ ಅವು ಗೋಡೆಗಳನ್ನು ಮೊದಲಿನಿಂದ ಕಟ್ಟಬೇಕು. ಮೇಣಕ್ಕಾಗಿ ತಮ್ಮ ಜೇನನ್ನೇ ವ್ಯಯಿಸಬೇಕು. 1991-92ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಮರಿಗಳನ್ನು ಗೂಡಿನಲ್ಲಿಯೇ ಕೊಂದು ದಕ್ಷಿಣ ಭಾರತದ ತುಡುವೆ ಸಂಸಾರಗಳ ಬಹುಪಾಲನ್ನು ಅಳಿಸಿತು. ಸಾಲು ಸಾಲು ಪೆಟ್ಟಿಗೆಗಳು ಬರಿದಾದುದನ್ನು ಕಂಡ ಮನೆಗಳಲ್ಲಿ ಎರಿಯನ್ನು ಹಗುರವಾಗಿ ಕೊಯ್ಯಲು ಮನಸ್ಸು ಬಾರದು. "ಅತಿಥಿಗಳಿಗೆಂದು ಕೊಯ್ದೆ. ಮಾರುವುದಕ್ಕೆ ಕೊಯ್ಯುವುದಿಲ್ಲ" ಎಂದರು.

ಹೀಗೆ ಒಂದು ಎಲೆಯ ಮುಂದೆ ಮೂರು ಉತ್ತರಗಳು ದೊರೆತವು. ಮೊಟ್ಟೆ ಮರಿಗಳಿಲ್ಲದ ಎರಿ ಸಸ್ಯಾಹಾರಿಗೆ ನಿಷಿದ್ಧವಲ್ಲ. ಪರರ ದುಡಿಮೆಯನ್ನು ಮುಟ್ಟೆನೆಂಬ ವ್ರತವುಳ್ಳವರಿಗೆ ಜೇನೂ ಸಲ್ಲದು. ಇವೆರಡರ ನಡುವೆ ನಿಂತು, ತಿನ್ನುವೆ, ಆದರೆ ನೋಯಿಸಲಾರೆ ಎನ್ನುವವರಿಗೆ ಎರಿಗಿಂತ ಯಂತ್ರದಿಂದ ತೆಗೆದ ಜೇನೇ ಮೇಲು.

ಅಜ್ಜಿ ಕೊನೆಗೆ ಎಲೆಯನ್ನು ಮಕ್ಕಳತ್ತ ಸರಿಸಿದರು. "ಕೊಯ್ದಾಗಿದೆ, ಹಾಳುಮಾಡಬೇಡಿ. ಮೇಣವನ್ನು ನುಂಗದೆ ಅವರಿಗೆ ಕೊಡಿ, ಕರಗಿಸಿಕೊಳ್ಳುತ್ತಾರೆ" ಎಂದರು. ಮತ್ತೆ ಯಜಮಾನರ ಕಡೆ ತಿರುಗಿ, "ನನಗೆ ಯಂತ್ರದಿಂದ ತೆಗೆದದ್ದು ಒಂದು ಸೀಸೆ ಕೊಡಿ. ದೇವರಿಗೆ" ಎಂದರು.

ಸೀಸೆ ಸೆರಗಿನ ಮರೆಗೆ ಸೇರಿತು. ಯಜಮಾನರು ಬರಿದಾದ ಚೌಕಟ್ಟನ್ನು ಮೇಲಂತಸ್ತಿಗಿಟ್ಟು ಮುಚ್ಚಳ ಹಾಕಿದರು. ವಾಹನ ಮಡಿಕೇರಿಯ ದಾರಿ ಹಿಡಿಯುವ ಹೊತ್ತಿಗೆ ಜೇನುಗಳು ಕಾಫಿಯ ಹೂವಿನಿಂದ ಪೆಟ್ಟಿಗೆಗೆ ಮರಳುತ್ತಿದ್ದವು.