ಗುಪ್ತದಾನವೂ ಮುಯ್ಯಿಯೂ

ಕೊಟ್ಟದ್ದನ್ನು ಆಡಿ ತೋರಿಸಬಾರದೆಂಬುದು ಹಿರಿಯರ ಮಾತು. ಬನಶಂಕರಿ ಅಮ್ಮನವರ ಹುಂಡಿಗೆ ಕಾಣಿಕೆ ಹಾಕುವ ಗೃಹಿಣಿಯು ಹೆಸರು ಬರೆಸುವುದಿಲ್ಲ. ಬರೆಸೆಂದು ಯಾರೂ ಕೇಳುವುದೂ ಇಲ್ಲ. ಆದರೆ ಅದೇ ಗೃಹಿಣಿಯ ಪೆಟ್ಟಿಗೆಯಲ್ಲಿ ಮುಯ್ಯಿಯ ಪುಸ್ತಕವೊಂದಿರುವುದುಂಟು. ಜಯನಗರದ ನಮ್ಮ ಮನೆಯಲ್ಲಿಯೂ ಇದೆ. ಮದುವೆ ಮುಂಜಿಗಳಲ್ಲಿ ಯಾರು ಏನನ್ನಿತ್ತರೆಂದು ಅದರಲ್ಲಿ ಬರೆದಿಡುವುದು ವಾಡಿಕೆ. ಏಕೆಂದರೆ ಮುಯ್ಯಿಯನ್ನು ತೀರಿಸಬೇಕು. ಮರಳಿ ಬಾರದೆಂದು ಕೊಟ್ಟದ್ದಕ್ಕೆ ಲೆಕ್ಕ ಬೇಡ, ಮರಳಿ ಬರಲೆಂದು ಕೊಟ್ಟದ್ದಕ್ಕೆ ಬೇಕು.

ದೊಡ್ಡ ಕಂಪೆನಿಯೊಂದು ರಾಜಕೀಯ ಪಕ್ಷಕ್ಕೆ ಕೋಟಿ ರೂಪಾಯಿ ಕೊಟ್ಟರೆ ಅದು ಕಾಣಿಕೆಯೋ, ಮುಯ್ಯಿಯೋ? ೨೦೧೭ರವರೆಗೆ ಕಂಪೆನಿಯು ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂದು ತನ್ನ ಲೆಕ್ಕಪತ್ರದಲ್ಲಿ ಕಾಣಿಸಬೇಕಾಗಿತ್ತು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ ೭.೫ನ್ನು ಮೀರುವಂತಿರಲಿಲ್ಲ. ಆ ವರ್ಷದ ಹಣಕಾಸಿನ ಶಾಸನವು ಈ ಎರಡು ಕಟ್ಟುಗಳನ್ನೂ ತೆಗೆದುಹಾಕಿತು. ೨೦೧೮ರಿಂದ ಸ್ಟೇಟ್ ಬ್ಯಾಂಕು ಚುನಾವಣಾ ಬಾಂಡುಗಳನ್ನು ಮಾರಿತು. ಕೊಂಡವರ ಹೆಸರು ಅವುಗಳ ಮೇಲೆ ಇರಲಿಲ್ಲ. ನನ್ನಂತೆ ನಾಲ್ಕಾರು ಷೇರುಗಳನ್ನಿಟ್ಟುಕೊಂಡ ಗೃಹಸ್ಥನು ವಾರ್ಷಿಕ ವರದಿಯನ್ನು ಎಷ್ಟು ತಿರುವಿದರೂ, ತನ್ನ ಹಣ ಯಾರ ಚುನಾವಣೆಗೆ ಒದಗಿತೆಂದು ತಿಳಿಯುವಂತಿರಲಿಲ್ಲ.

ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದ ಸಂಸ್ಥೆಗಳಲ್ಲಿ ೧೯೯೯ರಲ್ಲಿ ಕೆಲವು ಅಧ್ಯಾಪಕರು ಕಟ್ಟಿದ ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘವೂ ಒಂದು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿಗಳು ನಮ್ಮ ಬನ್ನೇರುಘಟ್ಟ ರಸ್ತೆಯ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳಿದವರು. ೨೦೨೪ರ ಫೆಬ್ರವರಿ ೧೫ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಯೋಜನೆಯನ್ನೂ ಕಂಪೆನಿ ಕಾಯಿದೆಯ ತಿದ್ದುಪಡಿಯನ್ನೂ ರದ್ದುಪಡಿಸಿದರು.

"ನಾವೇ ಆರಿಸಿದವರು ಮಾಡಿದ ಶಾಸನವನ್ನು ನ್ಯಾಯಾಧೀಶರು ಅಳಿಸಬಹುದೆ, ಸ್ವಾಮಿ?" ಎಂದು ಸ್ನೇಹಿತರೊಬ್ಬರು ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಅಮೆರಿಕಾದ ಅರಿಜೋನಾ ಸಂಸ್ಥಾನದಲ್ಲಿ ೨೦೨೨ರಲ್ಲಿ ಮತದಾರರೇ ನೇರವಾಗಿ ಮತವಿತ್ತು, ಚುನಾವಣಾ ಪ್ರಚಾರದ ದೊಡ್ಡ ಹಣದ ಮೂಲವನ್ನು ಬಯಲುಮಾಡಬೇಕೆಂಬ ಶಾಸನವನ್ನು ಒಪ್ಪಿದರು. ದಾನಿಗಳ ಗೋಪ್ಯ ಕೆಡುವುದೆಂದು ಕೆಲವು ಸಂಸ್ಥೆಗಳು ಅಲ್ಲಿಯೂ ನ್ಯಾಯಾಲಯದ ಮೆಟ್ಟಿಲೇರಿದವು. ಇಲ್ಲಿ ಮುಚ್ಚುವ ಶಾಸನದ ಮೇಲೆ ವ್ಯಾಜ್ಯ, ಅಲ್ಲಿ ತೆರೆಯುವ ಶಾಸನದ ಮೇಲೆ!

ನನಗೆ ತೋರುವುದಿಷ್ಟು: ಮತವೆಂಬುದು ಒಪ್ಪಿಗೆ. ವರನ ಮನೆತನವನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಯನ್ನು ಯಾವ ತಂದೆಯೂ ಒಪ್ಪಿಗೆಯೆನ್ನನು. ಬಹುಮತವು ನಮ್ಮನ್ನು ಆಳಬಹುದು. ಮತ ಹಾಕಲು ಬೇಕಾದ ತಿಳಿವನ್ನು ನಮ್ಮಿಂದ ಕಸಿಯಲಾಗದು.

ಮಾರ್ಚಿ ೧೪ರಂದು ಚುನಾವಣಾ ಆಯೋಗವು ಕೊಂಡವರ ಮತ್ತು ಪಡೆದವರ ಪಟ್ಟಿಗಳನ್ನು ಪ್ರಕಟಿಸಿತು. ಬಾಗಿಲು ತೆರೆಸುವುದು ನ್ಯಾಯಾಲಯದ ಕೆಲಸವಾಗಿತ್ತು. ಒಳಹೊಕ್ಕು ನೋಡುವುದು ಗೃಹಸ್ಥರಾದ ನಮ್ಮದು. ಮನೆಗೆ ಬರುವ ಕಂಪೆನಿಯ ವರದಿಯನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಓದಿದರೆ ನಷ್ಟವೇನು?