ಯಾರೂ ಫೇಲಾಗದ ವರ್ಷ

ಪಿಯುಸಿ ರಿಸಲ್ಟ್ ಬಂದದ್ದು 2023ರ ಏಪ್ರಿಲ್ 21, ಶುಕ್ರವಾರ. ನಾನು ಪಾಸು ಅಂತ ಗೊತ್ತಾದ ಕೂಡಲೇ ಅಪ್ಪ ಮಗ್ಗ ಬಂದ್ ಮಾಡಿ ಪೇಢೆ ತರಾಕ ಹೋದ. ಬನಹಟ್ಟಿಯಲ್ಲಿ ಹಾಡಹಗಲು, ಕರೆಂಟ್ ಇದ್ದಾಗ ಮಗ್ಗ ನಿಂತರೆ ಜನ ಹೆದರುತ್ತಾರೆ. ಬಾಜೂ ಮನೆಯ ಅಜ್ಜಿ ಓಡಿ ಬಂದು "ಯಾಕಬೇ, ಯಾರಿಗೇನಾತು?" ಅಂತ ಕೇಳಿದಳು. ಅವ್ವ ನಕ್ಕು "ಏನಾಗಿಲ್ಲ ತಗೊ, ಹುಡುಗಿ ಪಾಸಾಗ್ಯಾಳ" ಅಂದಳು.

ಅವತ್ತಿನಿಂದ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಪರ್ಸೆಂಟ್, ಮುಂದೇನು? ಎಂಬತ್ತೊಂದು ಪರ್ಸೆಂಟ್, ಮುಂದೆ ಜಮಖಂಡಿಯಲ್ಲಿ ಬಿ.ಎ. ಇಷ್ಟು ಹೇಳಿದರೆ ನಾಲ್ಕು ವರ್ಷ ಮುಗಿದೇ ಹೋಯಿತು. ಆದರೆ ಪೇಢೆ ತಿನ್ನುವಾಗ ನನಗೆ ನೆನಪಾದದ್ದು ಒಂದು ಹಾಜರಿ ನಂಬರು. ಇಪ್ಪತ್ಮೂರು.

ಆಕೆಯ ಹೆಸರು ಬರೆಯುವುದಿಲ್ಲ, ಬರೆದರೆ ಬೈತಾಳ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ನಂಬರು ಇಪ್ಪತ್ತೆರಡು, ಆಕೆಯದು ಇಪ್ಪತ್ಮೂರು. ಎಂಟನೇದನ್ನು ನಾನು ಮುಧೋಳದಲ್ಲಿ ಅಜ್ಜಿ ಮನೆಯಲ್ಲಿದ್ದು ಓದಿದ್ದೆ. 2019ರ ಜೂನ್‌ನಲ್ಲಿ ಇಲ್ಲಿಗೆ ಬಂದೆ. ಹೈಸ್ಕೂಲು, ಪಿಯು ಎರಡೂ ಒಂದೇ ಕಾಂಪೌಂಡಿನೊಳಗೆ. ಹಂಗಾಗಿ ಒಂಬತ್ತು, ಹತ್ತು, ಪಿಯುಸಿ ಎರಡು ವರ್ಷ, ಒಟ್ಟು ನಾಲ್ಕು ವರ್ಷ ಒಂದೇ ಗೇಟು. ಮೊದಲ ದಿನ ಎಲ್ಲರೂ ತಮ್ಮ ತಮ್ಮ ಗೆಳತಿಯರ ಜೊತೆ ಕೂತಿದ್ದರು. ನಾನು ಪಾಟೀಚೀಲ ಎದೆಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆಕೆ ಬೆಂಚಿನ ತುದಿಗೆ ಸರಿದು "ಬಾರಲೇ, ಇಲ್ಲಿ ಜಾಗಾ ಐತಿ" ಅಂದಳು. ಅಷ್ಟೇ. ಆ ವಯಸ್ಸಿನಲ್ಲಿ ಅದು ಅಷ್ಟೇ ಅಲ್ಲ.

ಆಕೆಯದು ಹೊಳೆದಂಡೆಯ ತಮದಡ್ಡಿ. ಎರಡು ತಿಂಗಳಿಗೇ ಹೊಳೆ ಬಂತು. 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕಡೆ ಸುರಿದ ಮಳೆಗೆ ಕೃಷ್ಣೆ ಉಕ್ಕಿತು. ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟರೂ ಮೇಲಿನ ಊರುಗಳಲ್ಲಿ ನೀರು ಬೇಗ ಇಳಿಯಲಿಲ್ಲ. ಇತ್ತ ನಮ್ಮ ಕಡೆ ಮತ್ತು ಜಮಖಂಡಿ ಕಡೆ ಕೃಷ್ಣೆ, ಅತ್ತ ಮುಧೋಳದ ಕಡೆ ಘಟಪ್ರಭೆ. ಎರಡೂ ಕಡೆ ಕಬ್ಬಿನ ಗದ್ದೆ, ಮನೆ, ರಸ್ತೆ ಎಲ್ಲ ನೀರೊಳಗೆ. ಶಾಲೆಗಳಿಗೆ ರಜೆ ಕೊಟ್ಟು ಕೋಣೆಗಳನ್ನು ಗಂಜಿ ಕೇಂದ್ರ ಮಾಡಿದರು. ಅವ್ವನ ಜೊತೆ ರೊಟ್ಟಿ ಕೊಡಲು ಹೋದಾಗ ನೋಡುತ್ತೇನೆ, ನಮ್ಮ ಕ್ಲಾಸಿನ ಕೋಣೆಯಲ್ಲೇ ಇಪ್ಪತ್ಮೂರರ ಮನೆಯವರು! ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನೆಲಕ್ಕೆ ತಾಡಪತ್ರಿ ಹಾಸಿದ್ದರು. ಆಕೆ ನಮ್ಮ ಬೆಂಚನ್ನೇ ಹುಡುಕಿ ಅದರ ಕೆಳಗೆ ತನ್ನ ಚೀಲ ಇಟ್ಟಿದ್ದಳು. "ನೋಡಲೇ, ನಾ ರಜಾದಾಗೂ ಹಾಜರ್ ಅದೀನಿ" ಅಂತ ನಕ್ಕಳು.

ನಮ್ಮ ಸಮಾಜ ವಿಜ್ಞಾನದ ಸರ್ ಬೀಳಗಿ ತಾಲೂಕಿನವರು. ಅವರ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿ, ಅವರು ಬೆಳೆದದ್ದು ಪುನರ್ವಸತಿ ಕೇಂದ್ರದಲ್ಲಿ. ಶಾಲೆ ಮತ್ತೆ ಶುರುವಾದ ದಿನ ಹಾಜರಿ ಕರೆಯುವಾಗ ಅವರು ಬರದವರ ಹೆಸರಿನ ಹತ್ತಿರ ಬಹಳ ಹೊತ್ತು ನಿಲ್ಲುತ್ತಿದ್ದರು. "ಯಾಕ ಬಂದಿಲ್ಲ? ಯಾರರ ಹೋಗಿ ಕೇಳಿ ಬರ್ರಿ" ಅನ್ನುತ್ತಿದ್ದರು. ಅವರ ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ನೀರು ಇಳಿದ ಮೇಲೆ ಇಪ್ಪತ್ಮೂರರ ಅಪ್ಪ ಊರಿಗೆ ತಿರುಗಿ ಹೋಗಲಿಲ್ಲ. ಬಿದ್ದ ಮನೆಗೆ ಹೋಗಿ ಮಾಡುವುದೇನು? ಮಗ್ಗದ ಮಾಲಕರೊಬ್ಬರ ಹತ್ತಿರ ಮುಂಗಡ ತಗೊಂಡು ರಬಕವಿಯಲ್ಲಿ ಬಾಡಿಗೆ ಹಿಡಿದ. ಅಪ್ಪ ಮಗ್ಗಕ್ಕೆ, ಅವ್ವ ಕಂಡಿಕೆ ಸುತ್ತುವುದಕ್ಕೆ. ಮುಂಗಡ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಒಂಬತ್ತನೇದು ಪರೀಕ್ಷೆ ಇಲ್ಲದೇ ಪಾಸು. ಸೂಟಿ ಅಂತ ಮೊದಲು ಖುಷಿಪಟ್ಟೆವು. ಆಮೇಲೆ ಊರು ಗಪ್ಪಾಯಿತು. ಹುಟ್ಟಿದಾಗಿನಿಂದ ಖಟ್ ಖಟ್ ಸದ್ದಿನಲ್ಲೇ ಮಲಗಿ ಎದ್ದವಳು ನಾನು, ಆ ಸದ್ದಿಲ್ಲದೇ ನಿದ್ದೆ ಬರುತ್ತಿರಲಿಲ್ಲ. ನೂಲು ಬರಲಿಲ್ಲ, ನೇದ ಸೀರೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಎರಡು ಪಾವರ್‌ಲೂಮ್ ಇವೆ, ಅಷ್ಟಿಷ್ಟು ತಡೆದುಕೊಂಡೆವು. ವಾರದ ಪಗಾರ ನಂಬಿದವರ ಗತಿ ಹೇಳಬೇಕಿಲ್ಲ. ಇಪ್ಪತ್ಮೂರರ ಮನೆಯ ಮುಂಗಡದ ಮೇಲೆ ಇನ್ನೊಂದು ಮುಂಗಡ ಏರಿತು.

ಹತ್ತನೇ ಕ್ಲಾಸು ನಡೆದದ್ದು ಟಿವಿಯಲ್ಲಿ, ಕಟ್ಟೆಯ ಮೇಲೆ, ಫೋನಿನಲ್ಲಿ. ಚಂದನದಲ್ಲಿ ಮೊದಲು ಸೇತುಬಂಧ, ಆಮೇಲೆ ಸಂವೇದ. ನಡುವೆ ವಿದ್ಯಾಗಮ ಅಂತ ಶಿಕ್ಷಕರೇ ಗುಡಿಕಟ್ಟೆಗೆ ಬಂದು ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿಯಲ್ಲಿ ಶಾಲೆ ತೆರೆದಾಗ ನಮ್ಮ ಬೆಂಚಿಗೆ ಇಬ್ಬರೂ ಬಂದೆವು. ಏಪ್ರಿಲ್‌ನಲ್ಲಿ ಮತ್ತೆ ಬಂದ್.

ಆ ಹೊತ್ತಿಗೆ ಇಪ್ಪತ್ಮೂರು ಬೆಳಿಗ್ಗೆಯಿಂದ ಅವ್ವನ ಜೊತೆ ಕಂಡಿಕೆ ಸುತ್ತಲು ಕೂರುತ್ತಿದ್ದಳು. ಅವರ ಮನೆಯಲ್ಲಿ ಬಟನ್ ಫೋನ್. ನಮ್ಮ ಅಪ್ಪ ಸಾಲ ಮಾಡಿ ನನಗೊಂದು ದೊಡ್ಡ ಫೋನ್ ತಂದಿದ್ದ. ದಿನಾ ಸಂಜೆ ಕೈಕಾಲು ತೊಳೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು, ತಲೆಗೂದಲಲ್ಲಿ ಹತ್ತಿಯ ನಾರು ಹಂಗೇ ಇರುತ್ತಿತ್ತು. ಇಬ್ಬರೂ ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು ಪಾಠ ನೋಡುತ್ತಿದ್ದೆವು. ಲೆಕ್ಕ ಆಕೆ ನನಗಿಂತ ಬೇಗ ಮಾಡುತ್ತಿದ್ದಳು.

ಈ ಸಲ ಎರಡೇ ದಿನ ಪರೀಕ್ಷೆ ಅಂದರು, ಜುಲೈ 19 ಮತ್ತು 22. ಒಂದೇ ದಿನ ಮೂರು ವಿಷಯ. ಬರೆಯುವುದೇನಿಲ್ಲ, ಸರಿ ಉತ್ತರದ ಗುಂಡು ತುಂಬಬೇಕು. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಮಾದರಿ ಪ್ರಶ್ನೆಪತ್ರಿಕೆಗಳು ರಾಶಿ ರಾಶಿ ಬಂದವು. ಪರೀಕ್ಷೆಗೆ ಮೂರು ದಿನ ಇದ್ದಾಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆಕೆ ಬಂದರೆ ನನ್ನ ಎರಡು ತಾಸು ಹೋಗುತ್ತವೆ. ಗೇಟಿನ ಸದ್ದಾದ ಕೂಡಲೇ ಅವ್ವನಿಗೆ ಮೆಲ್ಲಗೆ "ಫೋನ್ ಅಪ್ಪ ಒಯ್ದಾನ ಅನ್ನು" ಅಂದೆ. ಅವ್ವ ನನ್ನ ಮುಖ ಒಂದು ಸಲ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಅದನ್ನೇ ಹೇಳಿದಳು. ಅದೇ ಹೊತ್ತಿಗೆ ಒಳಗೆ ಫೋನ್ ರಿಂಗಾಯಿತು. ನಾನು ಅದನ್ನು ಕೌದಿಯೊಳಗೆ ಒತ್ತಿ ಹಿಡಿದೆ. ಹೊರಗಿನಿಂದ "ಆತ್ರಿ ಕಾಕು" ಅನ್ನುವುದು ಕೇಳಿಸಿತು. ಗೇಟು ಮತ್ತೆ ಸದ್ದಾಯಿತು.

ಆಕೆ ಮತ್ತೆ ಬರಲಿಲ್ಲ. ಪರೀಕ್ಷೆಯ ದಿನ ಡೆಸ್ಕಿಗೊಬ್ಬರು, ಮುಖಕ್ಕೆ ಮಾಸ್ಕು. ದೂರದಿಂದ ಕೈ ಮಾಡಿದಳು. ನಾನೂ ಕೈ ಮಾಡಿದೆ.

ಆಗಸ್ಟ್ 9ಕ್ಕೆ ರಿಸಲ್ಟ್. ರಾಜ್ಯದಲ್ಲಿ 8 ಲಕ್ಷ 70 ಸಾವಿರಕ್ಕೂ ಹೆಚ್ಚು ಮಕ್ಕಳು ಪಾಸು. ತನ್ನ ಬದಲು ಬೇರೆಯವರನ್ನು ಕೂರಿಸಿದ್ದ ಒಂದು ಪ್ರಕರಣ ಬಿಟ್ಟರೆ ಯಾರೂ ಫೇಲಿಲ್ಲ. ದೊಡ್ಡವರು ನಮ್ಮನ್ನು ನೋಡಿ "ಕೊರೊನಾ ಪಾಸು" ಅಂತ ನಕ್ಕರು. ನನಗೆ 531, ಇಪ್ಪತ್ಮೂರಕ್ಕೆ 389.

ಕಾಲೇಜು ಶುರುವಾಯಿತು. ನಾನು ಆರ್ಟ್ಸ್ ತಗೊಂಡೆ. ಹೊಸ ಹಾಜರಿ ಪುಸ್ತಕ, ಹೊಸ ನಂಬರು. ಇಪ್ಪತ್ಮೂರು ಅಂದಾಗ ಯಾರೋ ಬೇರೆ ಹುಡುಗಿ "ಎಸ್ ಸರ್" ಅಂದಳು. ಆಕೆಯ ಹೆಸರು ಬರದವರ ಪಟ್ಟಿಯಲ್ಲೂ ಇರಲಿಲ್ಲ. ಫೇಲಾಗಿದ್ದರೆ ಯಾರಾದರೂ ಮನೆಗೆ ಹೋಗಿ "ಮತ್ತೊಮ್ಮೆ ಕಟ್ಟು" ಅನ್ನುತ್ತಿದ್ದರೇನೋ. ಪಾಸಾಗಿ ಮನೆಯಲ್ಲಿ ಉಳಿದವರನ್ನು ಕೇಳಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಬನಹಟ್ಟಿಯಿಂದ ರಬಕವಿ ಏನು ದೂರ? ಎರಡಕ್ಕೂ ಒಂದೇ ನಗರಸಭೆ. ದೂರ ಇದ್ದದ್ದು ಆ ಕೌದಿಯೊಳಗಿನ ಫೋನು.

ಅದೇ ವರ್ಷ, 2022ರ ಫೆಬ್ರುವರಿಯಲ್ಲಿ ಹಿಜಾಬಿನ ಗಲಾಟೆ ರಾಜ್ಯದ ಕಾಲೇಜುಗಳಲ್ಲಿ ಹಬ್ಬಿತು. ನಮ್ಮ ಅವಳಿ ಊರಲ್ಲೂ ಕಲ್ಲು ಬಿದ್ದವು, ಪೊಲೀಸರು ಬಂದರು, ಕಾಲೇಜಿಗೆ ರಜೆ ಕೊಟ್ಟರು. ಮತ್ತೆ ತೆರೆದಾಗ ನಮ್ಮ ಹಿಂದಿನ ಬೆಂಚಿನ ಇಬ್ಬರು ಬರಲಿಲ್ಲ. ಹಾಜರಿಯಲ್ಲಿ ಅವರ ಹೆಸರು ಒಂದಿಷ್ಟು ದಿನ ಕರೆದರು, ಆಮೇಲೆ ಬಿಟ್ಟರು. ಅವರ ಮನೆಗೂ ನಾನು ಹೋಗಲಿಲ್ಲ. ಹೋಗದೇ ಇರುವುದು ಒಮ್ಮೆ ರೂಢಿಯಾದರೆ ಎರಡನೇ ಸಲ ಹಗುರಾಗುತ್ತದೆ.

ಈ ಸಲದ ಪರೀಕ್ಷೆ ನಿಜವಾದ ಪರೀಕ್ಷೆ, ಮೂರು ತಾಸು ಕೂತು ಬರೆದದ್ದು. ಅದಕ್ಕೇ ಇರಬೇಕು, ರಿಸಲ್ಟ್ ಬಂದಾಗ ಇದು ನಂದು ಅನ್ನಿಸಿತು. ಅದು ನಂದು ಅನ್ನಿಸಿದ ಮೇಲೆ ಹಳೆಯದೂ ನಂದೇ ಅನ್ನಿಸಿತು. ಮೊನ್ನೆ ಪೇಢೆ ಡಬ್ಬಿ ತಗೊಂಡು ರಬಕವಿಗೆ ಹೋದೆ.

ಈಗ ಆಕೆ ಮಗ್ಗವನ್ನೇ ನಡೆಸುತ್ತಾಳೆ. ಲಾಳಿ ಬದಲಿಸುತ್ತ ನನ್ನನ್ನು ನೋಡಿ ಹುಬ್ಬೇರಿಸಿದಳು. ಮಗ್ಗದ ಸದ್ದಿನಲ್ಲಿ ಕಿವಿಗೆ ಬಾಯಿ ತಂದು ಮಾತಾಡಬೇಕು.

"ಪಾಸಾದೇನ?"

"ಹ್ಞೂಂ."

"ಭಾರಿ ಆತು ಬಿಡು."

ಪೇಢೆ ಕೊಟ್ಟೆ. ಹೇಳಲೇಬೇಕು ಅಂತ ಬಂದಿದ್ದೆ, ಹೇಳಿದೆ. "ಅವತ್ತ ಫೋನ್ ಮನ್ಯಾಗ ಇತ್ತಲೇ."

"ಗೊತ್ತೈತಿ. ರಿಂಗ್ ಆಗಿದ್ದು ಕೇಳಿಸ್ತು."

"ಮತ್ತ ಯಾಕ ಅನ್ನಲಿಲ್ಲ?"

"ಏನನ್ನಲಿ? ಫೋನ್ ನಿಮ್ದು." ಹರಿದ ಎಳೆಯೊಂದನ್ನು ಗಂಟು ಹಾಕಿದಳು. "ನಾ ಕಾಲೇಜ್ ಬಿಟ್ಟಿದ್ದು ಅದಕ್ಕಲ್ಲ. ಮುಂಗಡ ಇತ್ತು, ಬಿಟ್ಟೆ. ರಿಸಲ್ಟ್ ಬಂದ ಮ್ಯಾಲೆ ನೀ ಬರ್ತಿ ಅಂತ ಕಾದೆ. ಅಷ್ಟ."

ನನಗೆ ಮಾತು ಹೊರಡಲಿಲ್ಲ. ಮಗ್ಗ ಹೊಡೆಯುತ್ತಲೇ ಇತ್ತು, ಸುಮ್ಮನಿದ್ದದ್ದು ಅದರಲ್ಲಿ ಮುಚ್ಚಿಹೋಯಿತು.

ಹೊರಡುವಾಗ ಕೇಳಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲಿ ಐತಿ ಅಂತ. ಟ್ರಂಕಿನಲ್ಲಿ ಅಂದಳು. ಕಾಲೇಜಿಗೆ ಹೋಗದೇ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆ ಕಟ್ಟಲು ಬರುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ತುಂಬಿರಬೇಕು. ಆಕೆಗೆ ಎರಡೂ ಇವೆ. ಜನ ನಕ್ಕ ಆ ಕೊರೊನಾ ಪಾಸು ಇಲ್ಲಿ ನಡೆಯುತ್ತದೆ. ನನ್ನ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ನೋಟ್ಸ್ ಎಲ್ಲ ಹಂಗೇ ಇವೆ ಅಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇಂಗ್ಲಿಷ್ ಎಷ್ಟ ಪಾಠ ಅದಾವು?" ಅಂತ ಕೇಳಿದಳು.

ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಮುಂಗಡ ಇನ್ನೂ ತೀರಿಲ್ಲ. ಸೋಮವಾರ ಕಾಲೇಜಿಗೆ ಹೋಗಿ ಅರ್ಜಿ ಯಾವಾಗ ತುಂಬುವುದು ಅಂತ ಕೇಳಿಕೊಂಡು, ಸಂಜೆ ನೋಟ್‌ಬುಕ್ ತಗೊಂಡು ರಬಕವಿಗೆ ಹೋಗಬೇಕು. ಫೋನನ್ನೂ ಒಯ್ಯುತ್ತೇನೆ.