ಅರ್ಕಾವತಿ ಧುಮುಕುವಲ್ಲಿ

ಜಲಪಾತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಮಲೆನಾಡಿನತ್ತ ಓಡುತ್ತದೆ. ಶರಾವತಿಯ ಜೋಗ, ಕೆಮ್ಮಣ್ಣುಗುಂಡಿಯ ಬಳಿಯ ಹೆಬ್ಬೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಳೆಕಾಡಿನೊಳಗಿನ ಹನುಮನಗುಂಡಿ – ಇವುಗಳ ಚಿತ್ರಗಳು ನಮ್ಮ ಮನೆಯ ಕ್ಯಾಲೆಂಡರುಗಳಲ್ಲಿ ತೂಗಿವೆ. ಓದುಗ ಮಿತ್ರರೇ, ನಾನಿಂದು ನಿಮ್ಮನ್ನು ಕರೆದೊಯ್ಯಬಯಸುವುದು ಅಂಥ ಹಸಿರು ಕಾಡಿಗಲ್ಲ. ಸಾತನೂರಿನ ಸೀಮೆಯಲ್ಲಿ, ಒಣ ಕಾಡಿನ ಅಂಚಿನಲ್ಲಿ, ಅರ್ಕಾವತಿ ನದಿ ಬಂಡೆಗಳಿಂದ ಧುಮುಕುವ ಚುಂಚಿ ಜಲಪಾತಕ್ಕೆ.

ಬೆಂಗಳೂರಿನಿಂದ ಕನಕಪುರವನ್ನು ದಾಟಿ ಮಳವಳ್ಳಿಯ ಕಡೆಗೆ ಸಾಗಿದರೆ ಸಾತನೂರು ಸಿಗುತ್ತದೆ. ರಾಗಿಯ ಹೊಲ, ಮಾವಿನ ತೋಪು, ಹಿಪ್ಪುನೇರಳೆಯ ತೋಟ; ಮನೆಗಳ ಗೋಡೆಗೆ ಒರಗಿಸಿಟ್ಟ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಅಲ್ಲಿಂದ ದಕ್ಷಿಣಕ್ಕೆ, ಸಂಗಮ ಮತ್ತು ಮೇಕೆದಾಟುಗಳತ್ತ ಸಾಗಿದಂತೆ ಹೊಲಗಳು ವಿರಳವಾಗುತ್ತವೆ, ಗುಡ್ಡಗಳು ಸಮೀಪಿಸುತ್ತವೆ. ಇದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ನೆರೆ. ದಿಂಡಿಗ, ಜಾಲಿ, ಬಿದಿರುಗಳು ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಕಾಡು. ಹೊಳೆಯ ದಂಡೆಗಳಲ್ಲಿ ಮಾತ್ರ ಹೊಳೆಮತ್ತಿಯ ಬಿಳಿಯ ಕಾಂಡಗಳು ನೆರಳು ಚೆಲ್ಲುತ್ತವೆ. ಆನೆಗಳ ನಾಡಿದು, ಅಪರೂಪದ ಬೂದು ಬಣ್ಣದ ದೊಡ್ಡ ಅಳಿಲಿಗೂ ಈ ನದಿತೀರದ ಮರಗಳೇ ಆಶ್ರಯ.

ಚುಂಚಿಯ ಸೊಬಗು ಎತ್ತರದಲ್ಲಿಲ್ಲ, ಹರಹಿನಲ್ಲಿದೆ. ಸಾವಿರಾರು ವರ್ಷಗಳ ಪ್ರವಾಹಕ್ಕೆ ನುಣುಪಾದ ಹೆಬ್ಬಂಡೆಗಳ ನಡುವೆ ನದಿ ಹಲವು ಕವಲುಗಳಾಗಿ ಒಡೆದು, ಒಂದೊಂದು ಕವಲೂ ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಕೆಳಗಿನ ಕಮರಿಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ನಾನು ಅಲ್ಲಿ ನಿಂತಿದ್ದಾಗ ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ನೋಡುವ ಕಣ್ಣಿಗೆ ಹಬ್ಬ. ಆದರೆ ಗಾಳಿ ನಮ್ಮತ್ತ ತಿರುಗಿದಾಗ ತುಂತುರಿನೊಡನೆ ಒಂದು ವಾಸನೆಯೂ ತೇಲಿಬಂತು. ಕೆಳಗಿನ ಮಡುವಿನಲ್ಲಿ ಬಿಳಿಯ ನೊರೆ ಒಡೆಯದೆ ಸುತ್ತುತ್ತಿತ್ತು. ಶುದ್ಧ ನೀರಿನ ನೊರೆ ಕ್ಷಣದಲ್ಲಿ ಕರಗುತ್ತದೆ. ಸಾಬೂನಿನ ನೊರೆ ಕರಗುವುದಿಲ್ಲ. ಇದು ಯಾರ ಮನೆಯ ಸಾಬೂನು?

ಉತ್ತರಕ್ಕಾಗಿ ನದಿಯ ಮೇಲ್ದಾರಿಯನ್ನು ಹಿಡಿಯಬೇಕು. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಬೆಂಗಳೂರಿಗೆ ಮೊಟ್ಟಮೊದಲು ಕೊಳವೆಯ ಮೂಲಕ ನೀರುಣಿಸಿದವಳು ಇವಳೇ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ನಗರಕ್ಕೆ ನೀರು ಹರಿಯಿತು. ನಗರ ಬೆಳೆಯಿತು, ಕಾಲುವೆಗಳು ಮುಚ್ಚಿಹೋದವು, ಅಂತರ್ಜಲ ಇಳಿಯಿತು, ನದಿಯ ಮೇಲ್ಭಾಗ ಸೊರಗಿತು. ಕೆಳಗೆ ಕನಕಪುರದ ಸೀಮೆಯಲ್ಲಿ ಅವಳನ್ನು ಕೂಡಿಕೊಳ್ಳುವವಳು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುವ ಈ ಹೊಳೆ ಇಂದು ನಗರದ ಪಶ್ಚಿಮ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಬಿಡದಿಯ ಬಳಿಯ ಭೈರಮಂಗಲದ ಕೆರೆಯನ್ನು ಹಾದು ಬರುತ್ತದೆ. ಶುದ್ಧೀಕರಣ ಘಟಕಗಳು ಇಲ್ಲವೆಂದಲ್ಲ. ಎಲ್ಲ ನೀರೂ ಅವುಗಳ ಬಾಗಿಲನ್ನು ತಟ್ಟಿ ಬರುವುದಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ಅರ್ಕಾವತಿಯಲ್ಲಿ ಹರಿಯುವುದರ ದೊಡ್ಡ ಪಾಲು ನಗರ ಬಳಸಿ ಬಿಟ್ಟ ನೀರೇ ಆಗಿರುತ್ತದೆ.

ಹಾಗಾದರೆ ನಗರಕ್ಕೆ ಅಷ್ಟು ನೀರು ಬಂದದ್ದೆಲ್ಲಿಂದ? ಇಲ್ಲಿಯೇ ನನ್ನನ್ನು ಬಹುವಾಗಿ ಕಾಡಿದ ಸಂಗತಿಯಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ಕಾವೇರಿಯ ನೀರು, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬೆಂಗಳೂರನ್ನು ಸೇರುತ್ತದೆ. ಮೊದಲ ಹಂತ 1974ರಲ್ಲಿ ಬಂತು, ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಮನೆಯೊಳಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಬಳಕೆಯಾಗಿ ಹೊರಗೆ ಹೋಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಅದರ ಒಂದಂಶ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಚುಂಚಿಯ ಬಂಡೆಗಳ ಮೇಲಿಂದ ಸಂಗಮಕ್ಕೆ, ಅಂದರೆ ಮರಳಿ ಕಾವೇರಿಗೆ. ಕನಕಪುರದ ಸೀಮೆಯ ಮೂಲಕ ತಿಳಿಯಾಗಿ ಮೇಲೇರಿದ ನೀರು ಅದೇ ಸೀಮೆಯ ಮೂಲಕ ಕಪ್ಪಾಗಿ ಕೆಳಗಿಳಿಯುತ್ತದೆ. ನಗರದ ಪ್ರವಾಸಿಗನು ಚುಂಚಿಯ ಎದುರು ನಿಂತು ಭಾವಚಿತ್ರ ತೆಗೆಸಿಕೊಳ್ಳುವಾಗ, ಅವನ ಬೆನ್ನ ಹಿಂದೆ ಧುಮುಕುತ್ತಿರುವ ನೀರು ಕೆಲವು ದಿನಗಳ ಹಿಂದೆ ಅವನದೇ ಸ್ನಾನದ ಮನೆಯಿಂದ ಹೊರಟದ್ದಾಗಿರಬಹುದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ನಗರದ ಹೆಸರು ಈಗ ಬಂದಿದೆ. ನಗರದ ಕೊಳೆ ಬಂದು ದಶಕಗಳೇ ಕಳೆದಿವೆ.

ಈ ನಡುದಾರಿಯಲ್ಲಿ ಬದುಕುವವರನ್ನು ಪ್ರವಾಸಿಗರು ಕಾಣುವುದು ವಿರಳ. ಭೈರಮಂಗಲದ ಆಸುಪಾಸಿನ ರೈತರು ಬತ್ತವನ್ನು ಬಿಟ್ಟು ಹಸುಗಳ ಹುಲ್ಲಿಗೆ, ಹಿಪ್ಪುನೇರಳೆಗೆ, ಎಳೆಜೋಳಕ್ಕೆ ತಿರುಗಿದ್ದಾರೆ. ಬರಗಾಲದಲ್ಲೂ ಬತ್ತದ ನೀರದು ಎಂಬುದು ನಿಜ. ಅದರಿಂದ ಒಲೆ ಉರಿಯುತ್ತದೆ ಎಂಬುದೂ ನಿಜ. ಆದರೆ ಆ ನೀರಿನಲ್ಲಿ ಕಾಲಿಟ್ಟು ದುಡಿಯುವವರು ಅವರು, ದುರ್ನಾತದ ನಡುವೆ ಮಕ್ಕಳನ್ನು ಮಲಗಿಸುವವರು ಅವರು. ಮುಂದೆ ಅರ್ಕಾವತಿಯನ್ನು ತಡೆದು ನಿಲ್ಲಿಸಿರುವ ಜಲಾಶಯಕ್ಕೆ ಹೆಸರು ಕೊಟ್ಟ ಹಾರೋಬೆಲೆ, ಕ್ರೈಸ್ತ ಕುಟುಂಬಗಳು ತಲೆತಲಾಂತರದಿಂದ ನೆಲೆಸಿರುವ ಊರು. ನಿಮ್ಮಲ್ಲಿ ಹಲವರಿಗೆ ನೆಂಟರೂರು. ಅಲ್ಲಿಗೂ ಬರುವುದು ಇದೇ ಹೊಳೆ.

ಇಷ್ಟರ ನಡುವೆಯೂ ಜಲಪಾತ ತನ್ನ ಕೆಲಸವನ್ನು ನಿಲ್ಲಿಸಿಲ್ಲ. ಬಂಡೆಗೆ ಅಪ್ಪಳಿಸಿ ಚೂರುಚೂರಾಗುವ ನೀರು ಗಾಳಿಯ ಆಮ್ಲಜನಕವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಆಮ್ಲಜನಕದ ಬಲದಿಂದ ಕಣ್ಣಿಗೆ ಕಾಣದ ಜೀವಾಣುಗಳು ಕೊಳೆಯನ್ನು ಕರಗಿಸುತ್ತವೆ. ನಾವು ಸೊಬಗೆಂದು ನೋಡಿ ಆನಂದಿಸುವುದು ವಾಸ್ತವವಾಗಿ ನದಿಯ ದುಡಿಮೆ. ಆದರೆ ಅದರ ಶಕ್ತಿಗೂ ಮಿತಿಯಿದೆ. ಕಾರ್ಖಾನೆಗಳಿಂದ ಬರುವ ಸೀಸ, ಕ್ರೋಮಿಯಂಗಳಂಥ ಲೋಹಗಳನ್ನು ಯಾವ ಜೀವಾಣುವೂ ಜೀರ್ಣಿಸಿಕೊಳ್ಳಲಾರದು. ಅವು ಕೆಸರಿನಲ್ಲಿ ಉಳಿಯುತ್ತವೆ. ನಮ್ಮ ಕೊಳೆಯನ್ನು ಮತ್ತೊಬ್ಬರು ಮೌನವಾಗಿ ತೊಳೆಯುತ್ತಿರುವಾಗ, ಅವರ ಬೆನ್ನಿಗೆ ಎಷ್ಟು ಹೊರೆ ಹೇರಬಹುದೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ನೆರೆಯವರೆಂದರೆ ಪಕ್ಕದ ಮನೆಯವರೆಂದು ನಾವು ತಿಳಿದಿದ್ದೇವೆ. ನದಿಯ ಲೆಕ್ಕ ಬೇರೆ. ನದಿಯ ಪಾಲಿಗೆ ನಮ್ಮ ನೆರೆಯವನು ನಮ್ಮಿಂದ ಕೆಳಗಿರುವವನು. ಅವನ ಮುಖ ನಮಗೆ ತಿಳಿಯದು, ಹೆಸರು ತಿಳಿಯದು. ಆದರೆ ನಾವು ಬಿಟ್ಟದ್ದು ಅವನನ್ನು ತಲುಪುತ್ತದೆ. ಮೇಲಿರುವವನಿಗೆ ಕೆಳಗಿನವನು ಮಾಡಬಹುದಾದ ಕೇಡು ಬಹಳ ಕಡಿಮೆ. ಆದ್ದರಿಂದಲೇ ಮೇಲಿರುವವನ ಹೊಣೆ ದೊಡ್ಡದು.

ಚುಂಚಿಗೆ ಹೋಗಬೇಡಿರೆಂದು ನಾನು ಹೇಳಲಾರೆ, ಹೋಗಿರಿ. ಬಂಡೆಗಳು ಜಾರುತ್ತವೆ, ಮಡುಗಳಲ್ಲಿ ಸುಳಿಗಳಿವೆ, ಮೇಲಿನಿಂದ ನೀರು ಬಿಟ್ಟರೆ ಹರಿವು ಹಠಾತ್ತನೆ ಏರಬಹುದು. ಈ ನದಿಯಲ್ಲಿ ಈಜಲಿಳಿದು ಪ್ರಾಣ ಕಳೆದುಕೊಂಡ ಯುವಕರು ಒಬ್ಬಿಬ್ಬರಲ್ಲ. ದೂರದಿಂದಲೇ ನೋಡಿರಿ, ತಿಂಡಿಯ ಪೊಟ್ಟಣವನ್ನೂ ಬಾಟಲಿಯನ್ನೂ ಮರಳಿ ತನ್ನಿರಿ. ಆದರೆ ಅಷ್ಟಕ್ಕೇ ನಿಲ್ಲದಿರಿ. ನೀವು ವಾಸಿಸುವ ಕಟ್ಟಡದ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಶುದ್ಧೀಕರಣ ಘಟಕವಿದ್ದರೆ ಅದು ನಡೆಯುತ್ತಿದೆಯೇ ಎಂದು ಕೇಳಿ ತಿಳಿಯಿರಿ. ನಿಮ್ಮ ಬೀದಿಯ ಮಳೆನೀರಿನ ಕಾಲುವೆಗೆ ಕೊಳಚೆ ಸೇರುತ್ತಿದ್ದರೆ ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಹೇಳಿರಿ. ಬಟ್ಟೆಗೆ ಹಾಕುವ ಸೋಪಿನ ಪುಡಿಯನ್ನು ಒಂದು ಚಮಚ ಕಡಿಮೆ ಮಾಡಿರಿ. ಸಣ್ಣ ಕೆಲಸಗಳಿವು, ಮೇಲಿನ ಊರಿನ ಸಣ್ಣ ಕೆಲಸಗಳೇ ಕೂಡಿ ಕೆಳಗಿನ ಊರಿನ ಹೊಳೆಯಾಗುತ್ತವೆ.

ಚುಂಚಿಯಿಂದ ಕೆಲವೇ ಮೈಲಿಗಳಲ್ಲಿ ಅರ್ಕಾವತಿ ಸಂಗಮವನ್ನು ತಲುಪಿ ತನ್ನ ಹೆಸರನ್ನು ಕಾವೇರಿಗೆ ಒಪ್ಪಿಸುತ್ತಾಳೆ. ಮುಂದೆ ಮೇಕೆದಾಟಿನ ಇಕ್ಕಟ್ಟು, ಹೊಗೇನಕಲ್ಲಿನ ಅಬ್ಬಿ, ಮೆಟ್ಟೂರಿನ ಜಲಾಶಯ, ಅದರಾಚೆ ಆ ನೀರಿಗಾಗಿ ಕೊಡ ಹಿಡಿದು ಕಾಯುವ ಲಕ್ಷಾಂತರ ಮನೆಗಳು. ಅವರೆಲ್ಲರೂ ನಮ್ಮಿಂದ ಕೆಳಗಿರುವವರು.